ಗ್ರಾಂ ರಾಯರ ಘಟ್ಟಾರೋಹಣ

ಗ್ರಾಂ ರಾಯರ ಸೈಕಲ್ಲು ಲಾಡ್ಜಿನ ಹೊರಗೆ ಮಲಗುವುದಿಲ್ಲ. ಕಾರ್ಕಳದಲ್ಲಿ ಎರಡು ಮಂಚದ ಕೋಣೆ ಹಿಡಿದರೆ ಒಂದು ಮಂಚ ರಾಯರಿಗೆ, ಇನ್ನೊಂದು ಸೈಕಲ್ಲಿಗೆ. "ಕೆಳಗೆ ಪಾರ್ಕಿಂಗ್ ಉಂಟು ಸಾರ್, ವಾಚ್‌ಮನ್ ಸಹ ಇದ್ದಾನೆ" ಎಂದು ಮ್ಯಾನೇಜರು ಹೇಳಿದರೆ, ರಾಯರು ನೋಡುವ ನೋಟಕ್ಕೆ ಅವರು ಎರಡನೇ ಸಲ ಆ ಮಾತೆತ್ತುವುದಿಲ್ಲ.

ರಾಯರ ನಿಜವಾದ ಹೆಸರು ಏನಾದರೂ ಇರಲಿ, ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿಗೆ ಹೋದರೂ ಅವರು ಸಿಗುತ್ತಾರೆ. ವಯಸ್ಸು ನಲವತ್ತೈದರ ಆಚೀಚೆ. ಕಂಪನಿಯಲ್ಲಿ ಕೈಕೆಳಗೆ ಒಂದಷ್ಟು ಜನ. ಕೊಲೆಸ್ಟರಾಲ್ ರಿಪೋರ್ಟು ನೋಡಿದ ಡಾಕ್ಟರು "ಸ್ವಲ್ಪ ತೂಕ ಇಳಿಸಬೇಕಲ್ಲ" ಎಂದರು. ರಾಯರು ಇಳಿಸಿದರು, ಸೈಕಲ್ಲಿನ ತೂಕವನ್ನು. ಅಲ್ಯೂಮಿನಿಯಂ ಫ್ರೇಮು ಹೋಗಿ ಕಾರ್ಬನ್ ಬಂತು. ಸ್ಟೀಲ್ ಬೋಲ್ಟು ಹೋಗಿ ಟೈಟಾನಿಯಂ ಬಂತು. ಎಪ್ಪತ್ತು ಸಾವಿರ ಕೊಟ್ಟು ಚಕ್ರ ಬದಲಿಸಿದ್ದರಿಂದ 400 ಗ್ರಾಂ ಕಡಿಮೆಯಾಯಿತು. ಬಿಡಿಭಾಗಗಳನ್ನೆಲ್ಲ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿಟ್ಟು ತೂಗಿದ್ದರಿಂದ ಆ ತಕ್ಕಡಿಯನ್ನು ಮನೆಯವರು ಮೈದಾಹಿಟ್ಟಿಗೆ ಬಳಸುವುದನ್ನು ಬಿಟ್ಟಿದ್ದಾರೆ. ಸ್ಪರ್ಧೆಗೆ ಇಳಿಯುವ ಸೈಕಲ್ 6.8 ಕಿಲೋಗಿಂತ ಹಗುರ ಇರಕೂಡದು ಎಂಬುದು ಜಾಗತಿಕ ಸೈಕ್ಲಿಂಗ್ ಒಕ್ಕೂಟ ಯುಸಿಐನ ನಿಯಮ. ರಾಯರು ಯಾವ ಸ್ಪರ್ಧೆಯಲ್ಲೂ ಇಲ್ಲ. ಆದರೂ ಆ ನಿಯಮ ಮುರಿದೀತೇ ಎಂಬ ಚಿಂತೆ ಅವರಿಗೆ ಸದಾ ಇದೆ.

ಇಂಥವರು ನಂದಿ ಬೆಟ್ಟ ಹತ್ತಿ ಮುಗಿಸಿದ ಮೇಲೆ ಮುಂದಿನ ಮೆಟ್ಟಿಲು ಕುದುರೆಮುಖ ರಾಷ್ಟ್ರೀಯ ಉದ್ಯಾನ. ಕಾರ್ಕಳದಿಂದ ಬಜಗೋಳಿ, ಮಾಳ. ಅಲ್ಲಿಂದ ಘಟ್ಟ ಹತ್ತಿದರೆ ಎಸ್.ಕೆ. ಬಾರ್ಡರ್. ಸೌತ್ ಕೆನರಾ ಜಿಲ್ಲೆ ಹೋಗಿ ಎಷ್ಟೋ ಕಾಲವಾದರೂ ಆ ಗಡಿ ಮಾತ್ರ ಅಲ್ಲೇ ಉಳಿದಿದೆ. ಅಲ್ಲಿ ರಸ್ತೆ ಕವಲೊಡೆದು ಒಂದು ಕೆರೆಕಟ್ಟೆ, ಶೃಂಗೇರಿಗೆ ಹೋಗುತ್ತದೆ, ಇನ್ನೊಂದು ಕುದುರೆಮುಖ, ಸಂಸೆ, ಕಳಸಕ್ಕೆ. ಮಳೆ ಹಿಂದೆ ಸರಿದ ಅಕ್ಟೋಬರಿನಲ್ಲಿ ಹುಲ್ಲುಗುಡ್ಡಗಳೆಲ್ಲ ಹಸಿರಾಗಿ, ಕಣಿವೆಗಳಲ್ಲಿ ಶೋಲಾ ಕಾಡು ಕಪ್ಪಾಗಿ ಕೂತಿರುತ್ತದೆ. ರಾಯರು ಆರಿಸಿಕೊಳ್ಳುವುದು ಅದೇ ತಿಂಗಳನ್ನು. ನೋಟಕ್ಕಾಗಿ ಅಲ್ಲ, ಉಷ್ಣಾಂಶ ಎರಡು ಡಿಗ್ರಿ ಇಳಿದರೆ ಹೃದಯದ ಬಡಿತ ಹಿಡಿತದಲ್ಲಿರುತ್ತದೆ ಎಂದು.

ಬೆಳಿಗ್ಗೆ ಬಜಗೋಳಿಯ ಹೋಟೆಲಿಗೆ ಅವರು ಬರುವುದನ್ನು ನೋಡಬೇಕು. ಪೆಡಲಿಗೆ ಕಚ್ಚಿಕೊಳ್ಳುವ ಕ್ಲೀಟು ಬೂಟಿನಡಿ ಇರುವುದರಿಂದ ಟೈಲ್ಸಿನ ಮೇಲೆ ಹಿಮ್ಮಡಿಯಲ್ಲೇ ನಡೆಯಬೇಕು. ಟಕ್, ಟಕ್, ಒಂದು ಜಾರು, ಮೇಜು ಹಿಡಿದು ಮತ್ತೆ ಟಕ್. ಮೈಗಂಟಿದ ಲೈಕ್ರಾ ಬಟ್ಟೆ ಯಾವುದನ್ನೂ ಮುಚ್ಚಿಡುವುದಿಲ್ಲ. ಬೆಂಚಿನಲ್ಲಿದ್ದ ಹಿರಿಯರು ಸಭ್ಯತೆಯಿಂದ ಪೇಪರಿನೊಳಗೆ ಮುಖ ಇಡುತ್ತಾರೆ. ಹೋಟೆಲಿನ ಭಟ್ಟರು ಮಾತ್ರ ಹೊರಗೆ ಬಂದು ಸೈಕಲನ್ನು ಸುತ್ತು ಹಾಕುತ್ತಾರೆ.

"ಎಷ್ಟು ಕೊಟ್ರಿ ಇದಕ್ಕೆ?"

ರಾಯರ ಬಳಿ ಈ ಪ್ರಶ್ನೆಗೆ ಮೂರು ಉತ್ತರಗಳಿವೆ. ಹೆಂಡತಿಗೆ ಒಂದು, ಸೈಕಲ್ ಗುಂಪಿನವರಿಗೆ ಒಂದು, ದಾರಿಯಲ್ಲಿ ಸಿಕ್ಕವರಿಗೆ ಒಂದು. ನಿಜ ಸಂಗತಿ ಕ್ರೆಡಿಟ್ ಕಾರ್ಡಿಗಷ್ಟೇ ಗೊತ್ತು. ಆದರೆ ಬೆಳಗಿನ ಹುಮ್ಮಸ್ಸಿನಲ್ಲಿ ಬಾಯ್ತಪ್ಪಿ "ಮೂರು ಲಕ್ಷ" ಎಂದುಬಿಡುತ್ತಾರೆ.

"ಮೂರು ಲಕ್ಷವಾ! ಸ್ಟ್ಯಾಂಡ್ ಎಲ್ಲಿ?"

"ಇದಕ್ಕೆ ಸ್ಟ್ಯಾಂಡ್ ಇರೋದಿಲ್ಲ."

"ಕ್ಯಾರಿಯರ್?"

"ಇಲ್ಲ."

"ಮಡ್‌ಗಾರ್ಡ್ ಸಹ ಇಲ್ಲ! ಎಂತ ಮಾರಾಯ್ರೆ, ಮೂರು ಲಕ್ಷ ತೆಗೊಂಡು ಒಂದು ಬೆಲ್ಲಾದ್ರೂ ಕೊಡ್ಲಿಲ್ವಾ ಅವ್ರು?"

ಈ ಪ್ರಶ್ನೆಗೆ ಜಗತ್ತಿನ ಯಾವ ಸೈಕಲ್ ಕಂಪನಿಯೂ ಉತ್ತರ ಕೊಟ್ಟಿಲ್ಲ. ರಾಯರು ಒಳಗೆ ಹೋಗಿ ನಾಲ್ಕು ಬನ್ಸು, ಒಂದು ಪ್ಲೇಟು ಗೋಳಿಬಜೆ, ಎರಡು ಕಾಫಿ ತರಿಸುತ್ತಾರೆ. ಎಪ್ಪತ್ತು ಸಾವಿರಕ್ಕೆ ಕಳೆದುಕೊಂಡಿದ್ದ 400 ಗ್ರಾಂ ಭಟ್ಟರ ಹೋಟೆಲಿನಲ್ಲಿ ನೂರೈವತ್ತು ರೂಪಾಯಿಗೆ ವಾಪಸ್ ಬರುತ್ತದೆ.

ಮಾಳದ ಅರಣ್ಯ ಚೆಕ್‌ಪೋಸ್ಟು ಎರಡನೇ ಪರೀಕ್ಷೆ. ಗೇಟು ಹಾಕಿದೆ, ರಾಯರು ಬ್ರೇಕು ಹಿಡಿಯುತ್ತಾರೆ. ಹಿಮ್ಮಡಿ ಹೊರಗೆ ತಿರುಗಿಸಿದರೆ ಬೂಟು ಪೆಡಲಿನಿಂದ ಬಿಡುತ್ತದೆ. ತಿರುಗಿಸಲು ಮರೆತರೆ ಸೈಕಲ್ಲೂ ಸವಾರನೂ ಒಂದೇ ವಸ್ತುವಾಗಿ, ಯಾವ ಅವಸರವೂ ಇಲ್ಲದೆ, ಬಲಕ್ಕೆ ವಾಲಿ ನೆಲ ಸೇರುತ್ತಾರೆ. ಗಾರ್ಡು ಓಡಿ ಬರುವಷ್ಟರಲ್ಲಿ ರಾಯರು ಮಲಗಿದಲ್ಲಿಂದಲೇ ಹಿಂದಿನ ಗೇರನ್ನು ಸವರಿ ನೋಡುತ್ತಿರುತ್ತಾರೆ. ಮೊಣಕೈಯ ರಕ್ತ ಆಮೇಲಿನ ವಿಚಾರ.

"ಗಾಡಿ ನಂಬರ್ ಹೇಳಿ" ಎನ್ನುತ್ತಾರೆ ಗಾರ್ಡು.

"ಸೈಕಲ್ಲಿಗೆ ನಂಬರ್ ಇಲ್ಲ ಸಾರ್."

"ಮತ್ತೆ ಈ ಕಾಲಂನಲ್ಲಿ ಎಂತ ಬರೆಯುದು?"

ಅಂಕಿ ಇಲ್ಲ ಎಂದು ಒಪ್ಪಿಕೊಳ್ಳುವುದು ರಾಯರ ಸ್ವಭಾವಕ್ಕೇ ಒಗ್ಗದು. ಸೈಕಲನ್ನು ತಲೆಕೆಳಗು ಮಾಡಿ, ಪೆಡಲಿನ ಅಚ್ಚಿನ ಕೆಳಗೆ ಕೊರೆದ ಫ್ರೇಮ್ ನಂಬರನ್ನು ಒಂದೊಂದೇ ಅಕ್ಷರವಾಗಿ ಓದತೊಡಗುತ್ತಾರೆ. ಗಾರ್ಡು ಏಳನೆಯದಕ್ಕೆ ಪೆನ್ನೆತ್ತಿ "ಸಾಕು, ಸೈಕಲ್ ಅಂತ ಬರೀತೇನೆ, ನೀವು ಹೊರಡಿ" ಎನ್ನುತ್ತಾರೆ.

ಇನ್ನು ಏರು. ಹ್ಯಾಂಡಲಿನ ಮೇಲೆ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಒಂದು ಪರದೆ. ಅದರಲ್ಲಿ ವೇಗ, ವ್ಯಾಟು, ಹೃದಯದ ಬಡಿತ, ನಿಮಿಷಕ್ಕೆ ಎಷ್ಟು ಸಲ ಪೆಡಲು, ಎಷ್ಟು ಶೇಕಡಾ ಏರು, ಎಲ್ಲವೂ ಉಂಟು. ಅದರಲ್ಲಿ ಇಲ್ಲದ ಲೆಕ್ಕ ಇದು. ಏರಿನಲ್ಲಿ ವೇಗ ಕುಸಿದಾಗ ಗಾಳಿಯ ತಡೆ ಹೆಚ್ಚೇನೂ ಉಳಿಯದು, ಜಗಳವೆಲ್ಲ ಗುರುತ್ವದ ಜೊತೆ. ಫ್ರೇಮಿನ ಕಿಲೋ ಬೇರೆ, ಹೊಟ್ಟೆಯ ಕಿಲೋ ಬೇರೆ ಎಂಬ ಭೇದ ಗುರುತ್ವಕ್ಕಿಲ್ಲ. ರಾಯರು 82, ಸೈಕಲ್ಲು ಏಳೂವರೆ, ನೀರು ಬೂಟು ಹೆಲ್ಮೆಟ್ಟು ಸೇರಿ 92 ಕಿಲೋ. ಇದರಲ್ಲಿ 400 ಗ್ರಾಂ ಉಳಿಸಿದರೆ ಒಂದು ಗಂಟೆಯ ಏರಿನಲ್ಲಿ ಸಿಗುವ ಲಾಭ ಹದಿನಾರು ಸೆಕೆಂಡು. ರಾಯರು ಪ್ರತಿ ಮೂರನೇ ತಿರುವಿಗೆ ನಿಂತು "ಡಿರೇಲರ್ ಯಾಕೋ ಸರಿ ಕೂರ್ತಿಲ್ಲ" ಎನ್ನುತ್ತ ಹತ್ತು ನಿಮಿಷ ಏದುಸಿರು ಬಿಡುತ್ತಾರೆ. ಗೇರು ಬದಲಿಸುವ ಆ ಡಿರೇಲರ್ ಸರಿಯಾಗಿಯೇ ಇರುತ್ತದೆ.

ಹಾಗೆ ನಿಂತಾಗಲೇ ಇಂಬಳ ಹತ್ತುವುದು. ಸೈಕಲ್ ಸವಾರರ ಕಾಲುಚೀಲ ಎಷ್ಟು ಎತ್ತರ ಇರಬೇಕೆಂಬುದಕ್ಕೂ ಯುಸಿಐ ನಿಯಮ ಮಾಡಿದೆ, ಇಂಬಳಕ್ಕೆ ಮಾಡಿಲ್ಲ. ಬಿಳಿ ಕಾಲುಚೀಲದ ಅಂಚು ದಾಟಿ, ನುಣ್ಣಗೆ ಬೋಳಿಸಿದ ಮೀನಖಂಡಕ್ಕೆ ಅದು ಕಚ್ಚಿಕೊಳ್ಳುತ್ತದೆ. ದಾರದ ಎಳೆಯಷ್ಟಿದ್ದದ್ದು ಉಬ್ಬಿ ಉಬ್ಬಿ ತಾನಾಗಿ ಉದುರಿದ ಮೇಲೂ ಗಾಯದಿಂದ ರಕ್ತ ಸೋರುತ್ತಲೇ ಇರುತ್ತದೆ. ಯೋಚಿಸಿ ನೋಡಿದರೆ, ರಾಯರ ಶರೀರದಿಂದ ಒಂದೆರಡು ಗ್ರಾಂ ಇಳಿಸಿ, ಅದಕ್ಕೆ ಬಿಲ್ಲು ಕೊಡದೆ ಹೋದದ್ದು ಇದೊಂದೇ ಪ್ರಾಣಿ.

ಆ ಗುಡ್ಡಗಳಿಗೂ ತೂಕದ ಒಂದು ಕಥೆಯಿದೆ. 1976ರಲ್ಲಿ ಹುಟ್ಟಿದ ಅದಿರು ಕಂಪನಿ ಇಲ್ಲಿನ ಕಬ್ಬಿಣವನ್ನು ಅಗೆದು, ಪುಡಿ ಮಾಡಿ, ನೀರಿನಲ್ಲಿ ಕಲಸಿ ಕೊಳವೆಯಲ್ಲಿ ಮಂಗಳೂರಿಗೆ ಇಳಿಸಿತು. ಸಿಂಗಳೀಕ ಎಂಬ ಮಂಗಗಳ ಕುರಿತು ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ನಡೆಸಿದ ಸಮೀಕ್ಷೆಯ ಬೆನ್ನಿಗೆ 1987ರಲ್ಲಿ ಸುಮಾರು 600 ಚದರ ಕಿಲೋಮೀಟರ್ ಕಾಡು ರಾಷ್ಟ್ರೀಯ ಉದ್ಯಾನವಾಯಿತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಈಗ ಅದೇ ಕಬ್ಬಿಣದ ಬೆಟ್ಟಕ್ಕೆ ರಾಯರು ಹೆಚ್ಚೇನೂ ಕಬ್ಬಿಣವಿಲ್ಲದ ಸೈಕಲ್ಲಿನಲ್ಲಿ ಬಂದಿದ್ದಾರೆ. ಈ ಸ್ವಾರಸ್ಯ ಅವರಿಗೆ ಕಾಣಿಸುವುದಿಲ್ಲ, ಏಕೆಂದರೆ ಪರದೆಯಲ್ಲಿ ಅದಕ್ಕೆ ಜಾಗವಿಲ್ಲ.

ಹಾಗೆಯೇ ಸಿಂಗಳೀಕವೂ. ರಸ್ತೆಯ ಮೇಲೆ ಬಾಗಿದ ಕೊಂಬೆಯಲ್ಲಿ ಒಂದು ಕೂತಿತ್ತು: ಕಪ್ಪು ಮೈ, ಮುಖದ ಸುತ್ತ ನರೆತ ಕೇಸರ, ಬಾಲದ ತುದಿಗೆ ಸಣ್ಣ ಕುಚ್ಚು. ಪಶ್ಚಿಮ ಘಟ್ಟ ಬಿಟ್ಟರೆ ಭೂಮಿಯ ಮೇಲೆ ಬೇರೆಲ್ಲೂ ಕಾಡಿನಲ್ಲಿ ಸಿಗದ ಜೀವ. ಅದು ಕತ್ತು ತಿರುಗಿಸಿ ರಾಯರನ್ನು ಪೂರ್ತಿ ನೋಡಿತು. ರಾಯರು "ಏರು 9 ಶೇಕಡಾ" ಎಂಬುದನ್ನು ನೋಡಿದರು. ಅವರಿಗೆ ಸಿಂಗಳೀಕದ ದರ್ಶನವಾದದ್ದು ಬುಧವಾರ ರಾತ್ರಿ ಬೆಂಗಳೂರಿನಲ್ಲಿ, ಹೆಲ್ಮೆಟ್ಟಿನ ಕ್ಯಾಮೆರಾದ ವಿಡಿಯೊ ಕತ್ತರಿಸುವಾಗ. ಕ್ಯಾಮೆರಾದ ತೂಕ ಎಷ್ಟು ಎಂದು ಕೇಳಬೇಡಿ, ಅದು ಲೆಕ್ಕಕ್ಕೆ ಸೇರುವುದಿಲ್ಲ.

ಆದರೆ ಇಳಿಜಾರು ಬಂತೆಂದರೆ ನ್ಯಾಯ ತಿರುಗುತ್ತದೆ. ಕೆಳಗೆ ಜಾರುವಾಗ ಭಾರದವನೇ ಮುಂದೆ. ಏರಿನಲ್ಲಿ ರಾಯರನ್ನು ಹಿಂದಿಕ್ಕಿ "ಬನ್ನಿ ಅಂಕಲ್" ಎಂದು ಹೋಗಿದ್ದ ಕಡ್ಡಿ ಹುಡುಗರನ್ನು ಅವರು ಪೆಡಲು ತುಳಿಯದೆಯೇ ದಾಟುತ್ತಾರೆ. ಆಗ ಕೆಲಸ ಮಾಡುವುದು ಚಕ್ರಕ್ಕೆ ಕೊಟ್ಟ ಎಪ್ಪತ್ತು ಸಾವಿರವಲ್ಲ, ಬನ್ಸಿಗೂ ಗೋಳಿಬಜೆಗೂ ಕೊಟ್ಟ ನೂರೈವತ್ತು. ಆ ಸಂಜೆ ಸವಾರರ ಆ್ಯಪ್ ಸ್ಟ್ರಾವಾದಲ್ಲಿ ಹಾಕುವ ಟಿಪ್ಪಣಿಯಲ್ಲಿ ಮಾತ್ರ ಹೊಗಳಿಕೆಯೆಲ್ಲ ಚಕ್ರಕ್ಕೇ.

ರಾಯರನ್ನು ನೋಡಿ ನಗುವುದು ಸುಲಭ. ಆದರೂ ಈ ಘಟ್ಟದಲ್ಲಿ ಓಡಾಡುವ ಇಷ್ಟು ಬಗೆಯ ಗಾಡಿಗಳ ನಡುವೆ ಹೊಗೆ ಬಿಡದೆ, ಹಾಡು ಹಾಕದೆ, ಮಂಗನಿಗೆ ಕುರುಕುರೆ ಎಸೆಯದೆ ಹೋಗುವವರು ಅವರೇ. ಅವರಲ್ಲಿ ಒಂದೇ ವಿನಂತಿ: ನೆಕ್ಕಿ ಮುಗಿಸಿದ ಎನರ್ಜಿ ಜೆಲ್ಲಿನ ಖಾಲಿ ಪೊಟ್ಟಣ ಜೇಬಿನಲ್ಲೇ ಇರಲಿ, ಅಷ್ಟು ಭಾರಕ್ಕೆ ದಾಖಲೆಯೇನೂ ತಪ್ಪಿಹೋಗುವುದಿಲ್ಲ. ಕಾರಿನವರಲ್ಲಿ ಇನ್ನೊಂದು ವಿನಂತಿ: ತಿರುವಿನಲ್ಲಿ ಅವರು ಕಂಡರೆ ಒಂದೂವರೆ ಮೀಟರ್ ಜಾಗ ಬಿಟ್ಟು ನಿಧಾನಕ್ಕೆ ದಾಟಿ. ಬೆನ್ನ ಹಿಂದೆ ಹಾರ್ನ್ ಒತ್ತಬೇಡಿ. ಅವರ ಎದೆ ಆಗಲೇ ನಿಮಿಷಕ್ಕೆ 170 ಸಲ ಬಡಿಯುತ್ತಿರುತ್ತದೆ, ನಿಮ್ಮಿಂದ ಇನ್ನೊಂದೂ ಸೇರುವುದು ಬೇಡ.