ಕಂಡೆನ್ಸರ್ ಭಾವ

ನೆರಿಯದ ಕಡೆ ಯಾರ ಮನೆಯ ಪ್ರೊಜೆಕ್ಟರ್ ಕೆಟ್ಟರೂ ಮೊದಲು ಕೇಳಿಬರುವ ಮಾತು ಒಂದೇ: "ಕಂಡೆನ್ಸರ್ ಹೋಗಿರ್ಬೇಕು ಮಾರಾಯ್ರೆ." ಹೇಳುವವನು ಹವ್ಯಕರ ಮನೆಯಲ್ಲಿ ಭಾವ, ತುಳುವರ ಮನೆಯಲ್ಲಿ ಅಣ್ಣ, ಕೇರಳದಿಂದ ಬಂದು ರಬ್ಬರು ಹಾಕಿದವರ ಮನೆಯಲ್ಲಿ ಚೇಟ್ಟ. ಮನೆ ಬದಲಾದರೂ ರೋಗನಿದಾನ ಬದಲಾಗುವುದಿಲ್ಲ. ಪಂಚೆ ಮೊಣಕಾಲಿನ ಮೇಲೆ, ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಟೆಸ್ಟರ್. ಪೆನ್ನು ಬರೆಯದೆ ವರ್ಷವಾಗಿರಬಹುದು. ಟೆಸ್ಟರ್ ಮಾತ್ರ ದಿನಾ ಎರಡು ಸಲವಾದರೂ ಉರಿದಿರಬೇಕು. ಯಂತ್ರವನ್ನು ಅವನು ಇನ್ನೂ ಮುಟ್ಟಿರುವುದಿಲ್ಲ, ಪ್ಲಗ್ಗು ಸಾಕೆಟ್ಟಿನಲ್ಲಿ ಸರಿಯಾಗಿ ಕೂತಿದೆಯೇ ಎಂದು ನೋಡಿರುವುದಿಲ್ಲ, ತೀರ್ಪು ಆಗಲೇ ಬಂದಿರುತ್ತದೆ. ಪೇಟೆಯಿಂದ ಬಂದ ಇಂಜಿನಿಯರ್ ಅಳಿಯ ಇದನ್ನು ಕೇಳಿ ಮುಸಿಮುಸಿ ನಗುತ್ತಾನೆ. ನನಗೆ ಅಳಿಯನ ನಗುವಿನ ಮೇಲೆ ಅಷ್ಟು ವಿಶ್ವಾಸವಿಲ್ಲ. ಭಾವ ಹಿಡಿದ ದಾರಿ ತಪ್ಪು, ತಲುಪುವ ಊರು ಮಾತ್ರ ಬಹಳ ಸಲ ಸರಿಯಾದದ್ದೇ. ಹೀಗೇಕೆ ಎಂಬುದಕ್ಕೆ ಕಾರಣಗಳುಂಟು.

ಅವನ ವಿದ್ಯುತ್ ಶಾಸ್ತ್ರ ಪೂರ್ತಿಯಾಗಿ ಹುಟ್ಟಿದ್ದು ಪಂಪಿನಲ್ಲಿ. ಚಾರ್ಮಾಡಿ ಘಟ್ಟದ ಬುಡದ ಊರು, ತೋಟದ ತುಂಬ ಅಡಿಕೆ. ಡಿಸೆಂಬರ್ ಕಳೆದರೆ ಮಳೆ ಬರುವವರೆಗೂ ನೀರು ಹಾಯಿಸುವುದೇ ಬದುಕು. ನೀರೆತ್ತುವುದು ಈ ಊರಿಗೆ ಎಷ್ಟು ಒಗ್ಗಿದೆಯೆಂದರೆ, ಮಂಗಳೂರಿನಿಂದ ಹಾಸನ, ಬೆಂಗಳೂರಿಗೆ ಪೆಟ್ರೋಲು ಡೀಸೆಲು ಸಾಗಿಸುವ ಸುಮಾರು 360 ಕಿಲೋಮೀಟರ್ ಉದ್ದದ ಕೊಳವೆಮಾರ್ಗಕ್ಕೂ ಘಟ್ಟ ಹತ್ತಿಸುವ ಪಂಪಿಂಗ್ ಸ್ಟೇಷನ್ ಕಟ್ಟಿರುವುದು ನೆರಿಯದಲ್ಲೇ. (ಇದರಲ್ಲಿ ಊರಿನವರ ಕೈವಾಡ ಏನೂ ಇಲ್ಲ, ಘಟ್ಟ ಇರುವ ಜಾಗ ಅದು. ಆದರೂ ಭಾವ ಆ ಹೆಸರನ್ನು ಹೇಳುವಾಗ ಸ್ವಲ್ಪ ಎದೆಯುಬ್ಬಿಸುತ್ತಾನೆ.) ಸಿಂಗಲ್ ಫೇಸ್ ಮೋಟರು ಗುಂಯ್ ಎನ್ನುತ್ತಾ ತಿರುಗದೆ ನಿಂತರೆ ಕಂಡೆನ್ಸರ್ ಹೋಗಿದೆ ಎಂದರ್ಥ. ತಿರುಗಿಯೂ ನೀರು ಬಾರದಿದ್ದರೆ ಫುಟ್‌ವಾಲ್ವ್. ಗುಂಯ್ ಕೂಡ ಇಲ್ಲದಿದ್ದರೆ ಫ್ಯೂಸು. ಮೂರೇ ಲಕ್ಷಣ, ಮೂರೇ ಮದ್ದು. ಮಿಸ್ತ್ರಿ ಕಕ್ಕಿಂಜೆಯಿಂದಲೋ ಉಜಿರೆಯಿಂದಲೋ ಬರುವಷ್ಟರಲ್ಲಿ ಸಸಿ ಬಾಡುವುದರಿಂದ ಈ ವೈದ್ಯವನ್ನು ಮನೆಯವರೇ ಕಲಿಯಬೇಕಾಯಿತು. ಇಪ್ಪತ್ತು ವರ್ಷ ಹೀಗೆ ಬದುಕಿದವನ ಮುಂದೆ ಪ್ರೊಜೆಕ್ಟರ್ ಇಟ್ಟರೆ ಅವನಿಗೆ ಕಾಣುವುದು ಬೆಳಕು ಪಂಪ್ ಮಾಡುವ ಒಂದು ಸಣ್ಣ ಮೋಟರು.

ಈ ಯಂತ್ರ ಕೆಡುವ ಕಾಲವೂ ನಿಗದಿಯಾಗಿದೆ. ಬೇಸಗೆಯಲ್ಲಿ ಅಂಗಳದಲ್ಲಿ ಬಿಳಿ ಮುಂಡು ಕಟ್ಟಿ ಕ್ರಿಕೆಟ್ಟು, ಯಕ್ಷಗಾನದ ವಿಡಿಯೋ ನೋಡಿದ ಮೇಲೆ ಅದು ಅಟ್ಟಕ್ಕೆ ಹೋಗುತ್ತದೆ. ಆಟಿ ತಿಂಗಳಲ್ಲಿ ಹೊರಗೆ ಕಾಲಿಡಲಾಗದ ಮಳೆ ಹಿಡಿದಾಗ ಕೆಳಗಿಳಿಯುತ್ತದೆ, ಆಗ ಆನ್ ಆಗುವುದಿಲ್ಲ. ಭಾವನಿಗೆ ಇದರಷ್ಟು ಅನುಕೂಲದ ಮುಹೂರ್ತ ಬೇರೆ ಇಲ್ಲ. ಮೊದಲು ಅವನು ಬಯ್ಯುವುದು ವೋಲ್ಟೇಜನ್ನು: "ಇಲ್ಲಿಯ ಕರೆಂಟಿಗೆ ಎಂತದ್ದು ಉಳಿಯುತ್ತದೆ!" ಇಲ್ಲಿ ಅವನ ಪಂಪು ಅವನಿಗೆ ಮೋಸ ಮಾಡಿತು. ವೋಲ್ಟೇಜು ಇಳಿದರೆ ಮೋಟರು ಬಿಸಿಯಾಗಿ ಸುಡುವುದು ನಿಜ. ಪ್ರೊಜೆಕ್ಟರಿನ ಬೆನ್ನಿನ ಚೀಟಿ ಓದಿದರೆ 100ರಿಂದ 240 ವೋಲ್ಟ್ ಎಂದು ಅಚ್ಚಾಗಿರುತ್ತದೆ. ಊರಿನ ಪಂಪುಗಳೆಲ್ಲ ಒಟ್ಟಿಗೆ ಓಡಿ ಕರೆಂಟು 160ಕ್ಕೆ ಇಳಿದರೂ ಅದಕ್ಕೆ ಚಿಂತೆಯಿಲ್ಲ. ಅದನ್ನು ಕೊಲ್ಲುವುದು ಇಳಿಕೆಯಲ್ಲ, ಏರಿಕೆ. ಮುಂಗಾರಿಗೆ ಮುಂಚಿನ ಸಿಡಿಲು ಒಂದು. ಮರ ಬಿದ್ದು ನ್ಯೂಟ್ರಲ್ ತಂತಿ ತುಂಡಾಗುವುದು ಇನ್ನೊಂದು, ಆಗ 230 ಬರಬೇಕಾದ ಮನೆಗೆ 400ರ ಹತ್ತಿರದವರೆಗೂ ಬಂದೀತು. ಎರಡಕ್ಕೂ ಅವನು ತಂದಿಟ್ಟ ಸ್ಟೆಬಿಲೈಸರ್ ಹೆಚ್ಚೇನೂ ಮಾಡಲಾರದು, ಪ್ಲಗ್ಗು ಕಿತ್ತಿಡುವ ಅಭ್ಯಾಸ ಮಾಡೀತು. ಪಂಪಿನ ಪ್ಲಗ್ಗನ್ನು ಯಾರೂ ಕೀಳುವುದಿಲ್ಲವಾದ್ದರಿಂದ ಆ ಅಭ್ಯಾಸ ಅವನಿಗಿಲ್ಲ.

ಮುಚ್ಚಳ ಬಿಚ್ಚಿದ ಮೇಲೆ ಮಾತ್ರ ಅವನ ಪರವಾಗಿ ಸಾಕ್ಷಿ ಹೇಳುವ ವಸ್ತುಗಳು ಒಂದೊಂದೇ ಸಿಗುತ್ತವೆ. ಕರೆಂಟು ಒಳಗೆ ಬರುವ ಬಾಗಿಲಲ್ಲೇ ಗಾಜಿನ ಫ್ಯೂಸು. ಅದರೊಳಗಿನ ತಂತಿ ಸುಮ್ಮನೆ ತುಂಡಾಗಿದ್ದರೆ ವಯಸ್ಸಾಗಿ ಹೋಗಿರಬಹುದು. ಗಾಜು ಒಳಗಿನಿಂದ ಮಸಿ ಹಿಡಿದು ಕನ್ನಡಿಯಂತಾಗಿದ್ದರೆ ಹಿಂದೆ ಎಲ್ಲೋ ಶಾರ್ಟ್ ಆಗಿದೆ, ಹೊಸ ಫ್ಯೂಸು ಹಾಕಿದರೆ ಅದೂ ಅದೇ ಗತಿ. ಭಾವ ಇದನ್ನು ನೋಡಿಯೂ ವಯರಿನ ಎರಡು ಎಳೆ ಸುತ್ತಿ ಹಾಕುವವನೇ, ಪಂಪಿನ ಕಟ್‌ಔಟಿಗೆ ಹಾಗೆಯೇ ಮಾಡಿದ್ದಾನಲ್ಲ. ಅವನನ್ನು ತಡೆಯುವುದು ಸೀರೀಸ್ ಬಲ್ಬು. ನೂರು ವ್ಯಾಟಿನ ಹಳೇ ಬಲ್ಬನ್ನು ಯಂತ್ರದ ದಾರಿಯಲ್ಲಿ ಅಡ್ಡ ಕೂರಿಸಿದರೆ, ಒಮ್ಮೆ ಮಿಂಚಿ ಮಂಕಾಯಿತೆಂದರೆ ಶಾರ್ಟ್ ಇಲ್ಲ, ಭರ್ತಿ ಉರಿದು ನಿಂತರೆ ಉಂಟು. ಎಲ್‌ಇಡಿ ಬಲ್ಬಿನಿಂದ ಈ ಕೆಲಸ ಆಗದು, ಆದ್ದರಿಂದ ಊರಿನಲ್ಲಿ ಉಳಿದ ಕೊನೆಯ ತಂತಿಬಲ್ಬು ಅವನ ಕಪಾಟಿನಲ್ಲಿ ಬಟ್ಟೆ ಸುತ್ತಿಕೊಂಡು ಮಲಗಿರುತ್ತದೆ. ಮನೆಯ ಮಕ್ಕಳಿಗೆ ದೇವರ ಕೋಣೆ ಮುಟ್ಟಲು ಅನುಮತಿ ಉಂಟು, ಅದನ್ನು ಮುಟ್ಟಲು ಇಲ್ಲ. ಫ್ಯೂಸು ಸರಿ, ಶಾರ್ಟ್ ಇಲ್ಲ, ಆದರೂ ಯಂತ್ರ ಹತ್ತು ಸಲ ಗುಂಡಿ ಒತ್ತಿದ ಮೇಲೆ ಒಮ್ಮೆ ಏಳುತ್ತದೆ, ಇಲ್ಲವೇ ಕೆಂಪು ದೀಪ ಮಿಟುಕಿಸಿ ಸುಮ್ಮನಾಗುತ್ತದೆ ಎಂದರೆ? ಆಗ ಬೋರ್ಡಿನ ಆಚೆ ಬದಿಯಲ್ಲಿ, ಬಿಸಿಯಾಗುವ ಲೋಹದ ರೆಕ್ಕೆಗಳ ಮಗ್ಗುಲಲ್ಲಿ, ಸಾಲಾಗಿ ನಿಂತ ಪುಟ್ಟ ಡಬ್ಬಿಗಳನ್ನು ನೋಡಬೇಕು. ನೆತ್ತಿ ಮಟ್ಟಸವಾಗಿರಬೇಕಾದಲ್ಲಿ ಒಂದೋ ಎರಡೋ ಡಬ್ಬಿಗಳ ನೆತ್ತಿ ಎಣ್ಣೆಗೆ ಬಿಟ್ಟ ಪೂರಿಯಂತೆ ಉಬ್ಬಿರುತ್ತದೆ, ಬುಡದಲ್ಲಿ ಕಂದು ಅಂಟು. ಅದು ಕಂಡೆನ್ಸರ್. ಭಾವ ಹೇಳಿದ್ದು ಅದನ್ನೇ.

ಇದು ಕುರುಡನ ಕೈಗೆ ಸಿಕ್ಕಿದ ಬೆಣ್ಣೆ ಎಂದು ಅಳಿಯ ಹೇಳುತ್ತಾನೆ. ಪಂಪಿನ ಕಂಡೆನ್ಸರ್ ಮೋಟರಿಗೆ ಮೊದಲ ತಿರುವು ಕೊಡುವಂಥದ್ದು, ಇದು ಹೊಯ್ದಾಡುವ ಕರೆಂಟನ್ನು ಸಮ ಮಾಡುವಂಥದ್ದು; ಹೆಸರು ಒಂದಾದ ಮಾತ್ರಕ್ಕೆ ಜಾತಕ ಕೂಡುತ್ತದೆಯೇ ಎಂದು ಅವನ ಪ್ರಶ್ನೆ. ಕೆಲಸ ಬೇರೆ ಎಂಬುದನ್ನು ಒಪ್ಪಬೇಕು. ಆದರೆ ಸಾಯುವ ರೀತಿ ಹೆಚ್ಚು ಕಡಿಮೆ ಒಂದೇ, ಬಿಸಿಗೆ ಬೆಂದು. ಪ್ರೊಜೆಕ್ಟರಿನ ಡಬ್ಬಿಯೊಳಗಿನ ದ್ರವ ಶಾಖಕ್ಕೆ ಆರುತ್ತಾ ಬರುತ್ತದೆ. ಹತ್ತು ಡಿಗ್ರಿ ಬಿಸಿ ಹೆಚ್ಚಾದರೆ ಆಯುಸ್ಸು ಸುಮಾರು ಅರ್ಧಕ್ಕಿಳಿಯುತ್ತದೆ ಎಂಬುದು ಆ ಕ್ಷೇತ್ರದವರ ಹಳೇ ಲೆಕ್ಕ. ದೀಪದ ಶಾಖ, ಧೂಳು ಕಟ್ಟಿದ ಫ್ಯಾನು, ಒಳಗೆ ಸಂಸಾರ ಹೂಡಿದ ಹಲ್ಲಿ, ಎಲ್ಲ ಸೇರಿದ ಮೇಲೆ ಬೋರ್ಡಿನಲ್ಲಿ ಮೊದಲು ಮುದಿಯಾಗುವುದು ಈ ಡಬ್ಬಿಯೇ. ಹಾಗಿರುವಾಗ ಭಾವ ಊಹಿಸಿದ್ದು ಎನ್ನುವುದಕ್ಕಿಂತ ಅನುಭವದ ದೊಡ್ಡ ಪಾಲನ್ನು ಹೇಳಿದ ಎನ್ನುವುದು ನ್ಯಾಯ. ಹೊಸದೇ ತರಬಹುದಲ್ಲ, ಅಗ್ಗಕ್ಕೆ ಸಿಗುತ್ತದೆ ಎಂಬ ಆಕ್ಷೇಪಕ್ಕೆ ಉತ್ತರ ಗಿಡ್ಡ: ಹೋದದ್ದು ಕೆಲವು ರೂಪಾಯಿಯ ಬಿಡಿಭಾಗ. ಮನೆಯಾಕೆಯ ಆಕ್ಷೇಪ ಇನ್ನೂ ಗಟ್ಟಿ: "ಹೋದ ಆಟಿಯಲ್ಲಿ ಬಿಚ್ಚಿದ ಮಿಕ್ಸಿಯನ್ನು ಮೊದಲು ಮುಚ್ಚಿ ಕೊಡಿ." ಇದಕ್ಕೆ ಭಾವನ ಬಳಿ ಉತ್ತರವಿಲ್ಲ, ನನ್ನ ಬಳಿಯೂ ಇಲ್ಲ.

ನಾನು ಅವನ ಪರ ವಾದ ನಿಲ್ಲಿಸುವುದು ಒಂದು ಕಡೆ. ದೀಪದ ಪ್ರೊಜೆಕ್ಟರಿನ ದೊಡ್ಡ ಕಂಡೆನ್ಸರಿನಲ್ಲಿ ಪ್ಲಗ್ಗು ಕಿತ್ತ ಮೇಲೂ 300, 400 ವೋಲ್ಟ್ ಕೂತಿರಬಹುದು. ದೀಪ ಹೊತ್ತಿಸುವ ಕ್ಷಣದಲ್ಲಿ ಬೋರ್ಡಿನ ಇನ್ನೊಂದು ಮೂಲೆ ಹಲವು ಸಾವಿರ ವೋಲ್ಟ್ ಎಬ್ಬಿಸುತ್ತದೆ. ಭಾವ ತನ್ನ ನೆಚ್ಚಿನ ಟೆಸ್ಟರನ್ನು ಇಟ್ಟು ನೋಡುತ್ತಾನೆ, ಅದು ಉರಿಯುವುದಿಲ್ಲ, "ಕರೆಂಟಿಲ್ಲ" ಎನ್ನುತ್ತಾನೆ. ಗೋಡೆಯ ಫೇಸು ಮಾತ್ರ ಗೊತ್ತಿರುವ ಆ ಟೆಸ್ಟರಿಗೆ ಕಂಡೆನ್ಸರಿನಲ್ಲಿ ಅಡಗಿದ್ದು ಕಾಣದು. ಸ್ಕ್ರೂಡ್ರೈವರ್ ಅಡ್ಡ ಹಿಡಿದು ಕಿಡಿ ಹಾರಿಸುವುದು ಪಂಪಿನ ಮನೆಯ ಕ್ರಮ. ಇಲ್ಲಿ ಅದೇ ಹಳೇ ಬಲ್ಬಿನ ಎರಡು ತಂತಿ ಮುಟ್ಟಿಸಿ ಖಾಲಿ ಮಾಡಿ, ಮೀಟರ್ ಇಟ್ಟು ಸೊನ್ನೆ ಕಂಡ ಮೇಲೆ ಕೈ ಹಾಕಬೇಕು. ಅಷ್ಟು ತಾಳ್ಮೆ ಇಲ್ಲದವನು ಬೆಳ್ತಂಗಡಿಯ ಬಸ್ಸು ಹತ್ತುವುದೇ ಲೇಸು.

ತಾಳ್ಮೆ ಇದ್ದವನೆಂದೇ ಇಟ್ಟುಕೊಳ್ಳೋಣ. ಉಬ್ಬಿದ ಡಬ್ಬಿ ತೆಗೆದು, ಅಷ್ಟೇ ಮೈಕ್ರೋಫ್ಯಾರಡಿನ, ಅಷ್ಟೇ ಅಥವಾ ಹೆಚ್ಚು ವೋಲ್ಟಿನ, 105 ಡಿಗ್ರಿಯದ್ದು ತಂದು, ಪ್ಲಸ್ಸು ಮೈನಸ್ಸು ನೋಡಿ ಬೆಸುಗೆ ಹಾಕುತ್ತಾನೆ. ಮುಚ್ಚಳ ಹಾಕಿ ಗುಂಡಿ ಒತ್ತುತ್ತಾನೆ. ಫ್ಯಾನು ತಿರುಗುತ್ತದೆ, ದೀಪ ಹೊತ್ತುವುದಿಲ್ಲ. "ಇನ್ನೊಂದು ಕಂಡೆನ್ಸರ್ ಹೋಗಿರ್ಬೇಕು." ಮತ್ತೆ ಎಲ್ಲ ಬಿಚ್ಚುತ್ತಾನೆ, ಮತ್ತೆ ಬಲ್ಬು, ಮತ್ತೆ ಮೀಟರು, ಸಂಜೆಯವರೆಗೆ. ದೀಪದ ಗೂಡಿನ ಬಾಗಿಲು ಸರಿಯಾಗಿ ಕೂರದಿದ್ದರೆ ದೀಪಕ್ಕೆ ಕರೆಂಟು ಬಿಡದ ಒಂದು ಗುಂಡುಸೂಜಿಯ ತಲೆಯಷ್ಟು ಸ್ವಿಚ್ಚು ಅಲ್ಲಿ ಅಡಗಿರುತ್ತದೆ. ಮುಚ್ಚಳ ಹಾಕಿಲ್ಲವೆಂದು ಮುನಿಸಿಕೊಂಡ ಪಂಪನ್ನು ಅವನು ಈ ಜನ್ಮದಲ್ಲಿ ಕಂಡವನಲ್ಲ.