ಕಬ್ಬಿಣದ ಚೌಕಟ್ಟಿನೊಡನೆ ಒಂದು ಸಂಭಾಷಣೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಐದು ತಾಲ್ಲೂಕುಗಳ ಪಶು ಆಸ್ಪತ್ರೆಗಳ ಅಂಗಳವನ್ನು ಬಲ್ಲವರಿಗೆ, ದನವನ್ನು ನಿಲ್ಲಿಸಿ ಸೂಜಿ ಹಾಕುವುದಕ್ಕೆಂದು ನೆಲದಲ್ಲಿ ಹೂತ ಕಂಬಗಳಿಗೆ ಅಡ್ಡಕೊಳವೆಗಳನ್ನು ಬೆಸೆದು ಮಾಡಿದ ಆ ಕಬ್ಬಿಣದ ಚೌಕಟ್ಟಿನ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾದುದಿಲ್ಲ. ವೈದ್ಯರು ಬದಲಾಗುತ್ತಾರೆ, ಜವಾನರು ನಿವೃತ್ತರಾಗುತ್ತಾರೆ, ಔಷಧದ ಬೀರು ತುಂಬಿ ಬರಿದಾಗುತ್ತದೆ. ಇದೊಂದು ಮಾತ್ರ ವರ್ಗಾವಣೆಯ ಭಯವಿಲ್ಲದೆ ಸ್ಥಾವರವಾಗಿ ನಿಂತಿದೆ. ಬಡವರು ಸಾಕಿದ ನಾಯಿ ಬೆಕ್ಕುಗಳ ಚಿಕಿತ್ಸೆಯ ವಿಷಯದಲ್ಲಿ ಸರ್ಕಾರದ ಅಭಿಪ್ರಾಯವೇನೆಂದು ತಿಳಿಯಹೊರಟ ನನಗೆ, ಇದಕ್ಕಿಂತ ದೃಢವಾದ ಅಭಿಪ್ರಾಯವುಳ್ಳ ಅಧಿಕಾರಿ ಇನ್ನೊಬ್ಬನು ದೊರೆಯಲಾರನೆಂದು ತೋರಿದುದರಿಂದ, ಮಧ್ಯಾಹ್ನದ ಬಿಡುವಿನಲ್ಲಿ ಅದನ್ನೇ ಮಾತಿಗೆಳೆದೆನು. ತನ್ನ ಊರನ್ನು ಹೆಸರಿಸಬಾರದೆಂಬ ನಿಬಂಧನೆಯನ್ನು ಅದು ಮೊದಲೇ ವಿಧಿಸಿತು.

ಹೆಸರಿಸಬಾರದೇಕೆ?

ಹೆಸರಿಸಿದರೂ ಊರು ಒಂದೇ ಜಿಲ್ಲೆಯಲ್ಲಿ ನಿಲ್ಲುವುದಿಲ್ಲ, ಸ್ವಾಮಿ. ಹರಪನಹಳ್ಳಿಯನ್ನೇ ನೋಡಿ. 1953ರಲ್ಲಿ ಮದರಾಸಿನಿಂದ ಮೈಸೂರಿಗೆ ಬಂದಿತು. 1997ರಲ್ಲಿ ಬಳ್ಳಾರಿಯನ್ನು ಬಿಟ್ಟು ದಾವಣಗೆರೆಗೆ ಹೋಯಿತು. 2018ರಲ್ಲಿ ಬಳ್ಳಾರಿಗೆ ಮರಳಿತು. 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಅಲ್ಲಿರುವ ನನ್ನ ಸೋದರನು ನಿಂತಲ್ಲಿಂದ ಒಂದು ಅಂಗುಲವೂ ಕದಲಲಿಲ್ಲ. ಖರ್ಚಾದುದು ಫಲಕದ ಬಣ್ಣ ಮಾತ್ರ.

ತಮ್ಮ ಕರ್ತವ್ಯದ ಸ್ವರೂಪವೇನು?

ಅಳೆಯುವುದು. ನನ್ನ ಕೊಳವೆಗಳನ್ನು ಎತ್ತಿನ ಹೆಗಲಿನ ಎತ್ತರಕ್ಕೆ ನಿಗದಿಪಡಿಸಿದ್ದಾರೆ. ಹಾಲು ಕರೆಯುವುದು, ನೊಗ ಹೊರುವುದು, ಸಂತೆಯಲ್ಲಿ ಬೆಲೆಗೆ ಬರುವುದು, ಈ ಮೂರರಲ್ಲಿ ಒಂದಾದರೂ ಲಕ್ಷಣವುಳ್ಳ ಜೀವವನ್ನು ನಾನು ಪಶುವೆಂದು ಗ್ರಹಿಸುತ್ತೇನೆ. ಕುರಿಯು ನನ್ನೊಳಗೆ ನಿಲ್ಲದಿದ್ದರೂ ಮೂರನೆಯ ಲಕ್ಷಣದ ಬಲದಿಂದ ಅದಕ್ಕೆ ವಿನಾಯಿತಿಯುಂಟು. ನಾಯಿಯಾದರೋ ನನ್ನ ಕೆಳಗೆ ನುಸುಳಿ ಆಚೆ ಹೋಗುತ್ತದೆ. ಬೆಕ್ಕು ನನ್ನ ತಲೆಯ ಮೇಲೆಯೇ ಕುಳಿತು ಮೀಸೆ ನೆಕ್ಕಿಕೊಳ್ಳುತ್ತದೆ. ನನ್ನಲ್ಲಿ ನಿಲ್ಲದುದಕ್ಕೆ ಕಾಯಿಲೆಯೂ ಇರತಕ್ಕದ್ದಲ್ಲ.

ಆದರೆ ವೈದ್ಯರು ನಾಯಿಯ ಶಾಸ್ತ್ರವನ್ನೂ ಓದಿ ಬಂದವರಲ್ಲವೆ?

ಓದಿದ್ದಾರೆ. ಹೆಬ್ಬಾಳದಲ್ಲಿಯೋ ಬೀದರಿನಲ್ಲಿಯೋ ಅವರು ಕಲಿತ ವಿದ್ಯೆಗೆ ಕುಂದಿಲ್ಲ; ಮನಸ್ಸಿಗೂ ಇಲ್ಲ. ಮೊನ್ನೆ ಹಡಗಲಿಯ ಕಡೆಯ ಒಬ್ಬ ಅಜ್ಜಿ, ಮಲ್ಲಿಗೆ ಕಟ್ಟಿ ಮಾರುವವಳು, ರಕ್ತಭೇದಿಯಾಗುತ್ತಿದ್ದ ನಾಯಿಮರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದು, ‘ಯಪ್ಪಾ, ಇದಕ್ಕೊಂದು ಸೂಜಿ ಮಾಡ್ರೀ’ ಎಂದಳು. ಕಾಲುಬಾಯಿ ಜ್ವರದ ಲಸಿಕೆಗೆ ಹಳ್ಳಿಗೆ ಹೊರಟಿದ್ದ ಡಾಕ್ಟರು ನಿಂತು ನೋಡಿ, ಪಾರ್ವೊ ಎಂದು ಹೇಳಿ, ಇದ್ದ ಒಂದು ಬಾಟಲಿ ಸಲೈನನ್ನು ಏರಿಸಿದರು. ಮಿಕ್ಕ ದಿನಗಳ ಔಷಧಕ್ಕೆ ಚೀಟಿ ಬರೆದರು. ಬೀರುವಿನಲ್ಲಿದ್ದುದೆಲ್ಲ ಕರೆಯುವ ಹಸುವಿಗೆ ಸಂಬಂಧಿಸಿದುದು. ಉದ್ಯೋಗ ಖಾತರಿಯ ಕೂಲಿಯನ್ನೇ 2025–26ರಲ್ಲಿ ದಿನಕ್ಕೆ 370 ರೂಪಾಯಿ ಎಂದು ಕಟ್ಟಿದ ನಾಡಿನಲ್ಲಿ, ಹೂವಿನ ಬುಟ್ಟಿಯ ಸಂಪಾದನೆಯು ಅಂಥ ಚೀಟಿಯನ್ನು ಎಷ್ಟು ದಿನ ಹೊತ್ತೀತು? ನಾಯಿಗೆಂದೇ ಇರುವ ಖಾಸಗಿ ಚಿಕಿತ್ಸಾಲಯಕ್ಕೆ ಹೊಸಪೇಟೆಗೋ ದಾವಣಗೆರೆಗೋ ಹೋಗಬೇಕು. 2023ರ ಶಕ್ತಿ ಯೋಜನೆಯ ದಯೆಯಿಂದ ಅಜ್ಜಿಗೆ ಬಸ್ಸು ಉಚಿತ. ಮರಿಗೆ ಮಾತ್ರ ಟಿಕೆಟು.

ಕೂಡ್ಲಿಗಿಯ ಕುರಿಹಟ್ಟಿಯ ನಾಯಿಗಳು ದುಡಿದು ತಿನ್ನುವ ಜೀವಗಳಲ್ಲವೆ?

ಅದು ಲೆಕ್ಕದ ತೊಡಕು. ಗುಡೇಕೋಟೆಯ ಬಂಡೆಗಳಲ್ಲಿ ಕರಡಿಗೆ ಅಭಯಾರಣ್ಯವಿದೆ. ಚಿರತೆಗೆ ಕಾನೂನಿನ ರಕ್ಷಣೆಯಿದೆ. ಕುರಿಗೆ ಹಿರೇಬೇನೆಯ ಲಸಿಕೆಯನ್ನು ಸರ್ಕಾರವೇ ಹಾಕಿಸುತ್ತದೆ. ಕುರಿ ಸತ್ತರೆ ಅನುಗ್ರಹ ಯೋಜನೆಯ ಪರಿಹಾರ ಸಿಗುತ್ತದೆ, ಅದನ್ನು 2025ರ ಆಯವ್ಯಯದಲ್ಲಿ 5,000ದಿಂದ 7,500 ರೂಪಾಯಿಗೆ ಏರಿಸಿದ್ದಾರೆ. ಆ ಚಿರತೆಗೂ ಈ ಕುರಿಗೂ ನಡುವೆ ರಾತ್ರಿಯೆಲ್ಲ ಎಚ್ಚರವಿದ್ದು, ಕತ್ತು ಸೀಳಿಸಿಕೊಂಡು, ಕುರಿ ಸಾಯದಂತೆ ನೋಡಿಕೊಂಡು ಬೊಕ್ಕಸಕ್ಕೆ ಪರಿಹಾರದ ಹಣವನ್ನು ಉಳಿಸಿಕೊಟ್ಟ ನಾಯಿಯ ಹೆಸರು ಯಾವ ಪಟ್ಟಿಯಲ್ಲಿಯೂ ಇಲ್ಲ. ಕುರುಬನು ಅದರ ಗಾಯಕ್ಕೆ ಅರಿಸಿನ ಮೆತ್ತಿ, ಕಂಬಳಿಯ ಚೂರು ಕಟ್ಟುತ್ತಾನೆ.

ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ನಾಯಿಗೆ ದೇವರ ಪರಿವಾರದಲ್ಲಿ ಸ್ಥಾನವಿದೆಯಲ್ಲ?

ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವರು ನಾಯಿಯಂತೆ ಬೊಗಳುತ್ತ ದೋಣಿಯೆಂಬ ಪಾತ್ರೆಯ ಪ್ರಸಾದಕ್ಕೆ ಬಾಯಿಕ್ಕುವುದನ್ನು ಕಂಡು ಲಕ್ಷ ಜನ ಕೈಮುಗಿಯುತ್ತಾರೆ. ಮನುಷ್ಯನು ನಾಯಿಯಾದರೆ ಪೂಜೆ. ನಾಯಿ ನಾಯಿಯಾಗಿಯೇ ಉಳಿದರೆ ಕಲ್ಲು. ಇದರಲ್ಲಿ ನನ್ನ ಇಲಾಖೆಯ ಹೊಣೆಯೇನೂ ಇಲ್ಲ. ದೇವರ ಖಾತೆ ಮುಜರಾಯಿಯದು.

1962 ಎಂದು ಹೇಳುತ್ತಾರಲ್ಲ, ಅದು ತಾವು ಹುಟ್ಟಿದ ವರ್ಷವೋ?

ದೂರವಾಣಿಯ ಸಂಖ್ಯೆ. ಕರೆ ಮಾಡಿದರೆ ಪಶು ಸಂಜೀವಿನಿಯ ವಾಹನವು ರೈತನ ಹಟ್ಟಿಯ ಬಾಗಿಲಿಗೇ ಬರುತ್ತದೆ. ಒಳ್ಳೆಯ ಕೆಲಸವೆಂದು ಒಪ್ಪುತ್ತೇನೆ, ನನ್ನ ಉದ್ಯೋಗಕ್ಕೆ ಅದರಿಂದ ಸಂಚಕಾರ ಬಂದರೂ. ಆದರೆ ಅದು ಹೊರಡುವುದು ದನ, ಎಮ್ಮೆ, ಕುರಿಗಳ ಹೆಸರಿನಲ್ಲಿ. ನನ್ನ ಅಳತೆಯೇ ಚಕ್ರ ಕಟ್ಟಿಕೊಂಡು ಓಡಾಡುತ್ತಿದೆಯೆಂದು ತಿಳಿಯಿರಿ.

ಹುಚ್ಚುನಾಯಿ ರೋಗದ ಲಸಿಕೆಯನ್ನಾದರೂ ನಾಯಿಗಳಿಗೆ ಉಚಿತವಾಗಿ ಹಾಕುತ್ತೀರಲ್ಲ?

ಸೆಪ್ಟೆಂಬರ್ 28ರಂದು ಹಾಕುತ್ತೇವೆ. 1895ರಲ್ಲಿ ಲೂಯಿ ಪಾಶ್ಚರ್ ತೀರಿಕೊಂಡ ದಿನವದು. ಆ ದಿನ ಶಾಮಿಯಾನ, ಫಲಕ, ಭಾಷಣ. ಹಗ್ಗ ಹಿಡಿದ ಹುಡುಗರ ಸಾಲು. ಆ ಮಹಾನುಭಾವನು ಒಂದೇ ಸಲ ಸತ್ತುದರಿಂದ ನಾಯಿಗಳಿಗೆ ಈ ಸೌಭಾಗ್ಯವು ವರ್ಷಕ್ಕೊಮ್ಮೆ ಮಾತ್ರ. ಆ ಹೊತ್ತಿಗೆ ಕಬ್ಬು ಕಡಿಯಲೋ ಇಟ್ಟಿಗೆ ಸುಡಲೋ ಗುಳೆ ಹೋದವನ ನಾಯಿಯು ಮುಂದಿನ ಪುಣ್ಯತಿಥಿಯವರೆಗೆ ಕಾಯಬೇಕು. ಕಾಯದೆ ರೋಗ ಹಿಡಿದು ಯಾರನ್ನಾದರೂ ಕಚ್ಚಿತೆನ್ನಿ, ಆಗ ವಿಷಯವು ನಮ್ಮ ಕಾಂಪೌಂಡನ್ನು ದಾಟಿ ಮನುಷ್ಯರ ಆಸ್ಪತ್ರೆಗೆ ಸೇರುತ್ತದೆ. ಅಲ್ಲಿ ಕಚ್ಚಿದ ದಿನ ಒಂದು, ಬಳಿಕ 3, 7, 28ನೆಯ ದಿನಗಳಲ್ಲಿ ಒಂದೊಂದು ಸರದಿ ಲಸಿಕೆ. ಗಾಯ ಆಳವಾಗಿದ್ದರೆ ಗಾಯದ ಸುತ್ತಲೂ ಇಮ್ಯುನೊಗ್ಲಾಬ್ಯುಲಿನ್. ಎಲ್ಲವೂ ಉಚಿತ. ನಾಯಿಗೆ ಒಂದು ಸೂಜಿ ಹಾಕಿ ಮುಗಿಸಬಹುದಾದುದನ್ನು ಮನುಷ್ಯನಿಗೆ ಹಲವು ಸೂಜಿ ಹಾಕಿ ಸಾಧಿಸುವ ಈ ಮಿತವ್ಯಯವನ್ನು ತಾವು ಮೆಚ್ಚುವಂತೆ ಕಾಣುವುದಿಲ್ಲ. ಆ ಖರ್ಚು ಬೇರೆ ಇಲಾಖೆಯದು, ಸ್ವಾಮಿ; ನಮ್ಮ ಪುಸ್ತಕದಲ್ಲಿ ಅದು ಉಳಿತಾಯ.

ಬೇರೆ ದೇಶಗಳಲ್ಲಿ ಬಡವರ ಸಾಕುಪ್ರಾಣಿಗಳಿಗೆ ವ್ಯವಸ್ಥೆಯಿದೆಯೆಂದು ಕೇಳಿಲ್ಲವೆ?

ಅಂಕಸಮುದ್ರದ ಕೆರೆಗೆ 2024ರಲ್ಲಿ ರಾಮ್ಸಾರ್ ಮನ್ನಣೆ ಬಂದ ಮೇಲೆ ಅಲ್ಲಿಯ ವಲಸೆ ಹಕ್ಕಿಗಳು ಬಹಳ ಮಾತಾಡುತ್ತವೆ. 1917ರಲ್ಲಿ, ಮಹಾಯುದ್ಧದ ಗದ್ದಲದ ನಡುವೆ, ಲಂಡನ್ನಿನ ವೈಟ್‌ಚಾಪೆಲ್ ಎಂಬ ದರಿದ್ರ ಕೇರಿಯಲ್ಲಿ ಮರಿಯಾ ಡಿಕಿನ್ ಎಂಬ ಹೆಣ್ಣುಮಗಳು ಬಡವರ ಪ್ರಾಣಿಗಳಿಗೆ ಉಚಿತ ಔಷಧಾಲಯವನ್ನು ತೆರೆದಳಂತೆ. ಪಿಡಿಎಸ್‌ಎ ಎಂಬ ಹೆಸರಿನಿಂದ ಅದು ಇಂದಿಗೂ ನಡೆಯುತ್ತಿದೆಯಂತೆ. ಆಕೆ ಪ್ರಾಣಿಯ ಇಳುವರಿಯನ್ನು ಕೇಳಲಿಲ್ಲವೆಂಬುದು ನನಗೆ ಅಶಿಸ್ತಾಗಿ ತೋರುತ್ತದೆ.

ನಾಯಿಯನ್ನು ನೋಡುವುದಕ್ಕೆ ಈ ಅಂಗಳದಲ್ಲಿ ಏನೇನು ಬೇಕಾದೀತು?

ಕಟ್ಟಡ ಬೇಡ. ಮೊಳಕಾಲಿಗಿಂತ ಸ್ವಲ್ಪ ಎತ್ತರದ ಒಂದು ಮೇಜು, ಬೀರುವಿನಲ್ಲಿ ಒಂದು ಅಂಕಣ, ವಾರದಲ್ಲಿ ಒಂದು ಮಧ್ಯಾಹ್ನ, ಲಸಿಕೆಗೆ ಪಾಶ್ಚರನ ತಿಥಿಯಲ್ಲದ ಕೆಲವು ದಿನಗಳು.

ಒಳಗೆ ಒಂದು ಮೇಜು ಕಂಡಂತಾಯಿತಲ್ಲ?

ಇದೆ. 2024ರ ಅಕ್ಟೋಬರಿನಲ್ಲಿ ದೇಶದ 21ನೆಯ ಜಾನುವಾರು ಗಣತಿ ಆರಂಭವಾಯಿತು. ನಾಯಿಗಳನ್ನೂ ಎಣಿಸಿದರು, ಬೀದಿಯವುಗಳನ್ನೂ ಬಿಡದೆ. ಅದಕ್ಕೆ ಸಂಬಂಧಿಸಿದ ಕಾಗದಪತ್ರಗಳನ್ನು ಆ ಮೇಜಿನ ಮೇಲೆ ಇಟ್ಟಿದ್ದಾರೆ. ಇರಲಿ, ಎಮ್ಮೆ ಬಂದಿತು. ತಾವು ಸ್ವಲ್ಪ ಪಕ್ಕಕ್ಕೆ ಸರಿಯಿರಿ. ತಮ್ಮಿಂದ ಹಾಲೇನೂ ಇಲ್ಲವಷ್ಟೆ.