ಪುಕ್ಕಟ ಸೀಟು ಬ್ಯಾಡಂತ!

ಅಮೆರಿಕದ ಕಾಲೇಜು ಫುಟ್‌ಬಾಲಿನಲ್ಲಿ ಎರಡು ಪಂಕ್ತಿ. ಒಂದು, ಕರೆದು ಮಣೆ ಹಾಕಿ ಬಡಿಸಿಕೊಳ್ಳುವವರದು: ಫೀ, ರೂಮು, ಊಟ, ಪುಸ್ತಕ ಎಲ್ಲ ಕಾಲೇಜಿನದೇ. ಇವರು ಸ್ಕಾಲರ್‌ಶಿಪ್‌ನವರು. ಇನ್ನೊಂದು, ಬುತ್ತಿ ತಾವೇ ಕಟ್ಟಿಕೊಂಡು ಬಂದು ಮೂಲೆ ಹಿಡಿಯುವವರದು. ಇವರು ವಾಕ್-ಆನ್. ಪ್ರಾಕ್ಟೀಸ್ ಅದೇ, ಬೈಗುಳ ಅದೇ, ನಸುಕಿನ ಓಟವೂ ಅದೇ. ಫೀ ಮಾತ್ರ ಅಪ್ಪನದು. ವಾರವಿಡೀ ಮುಂದಿನ ಎದುರಾಳಿಯ ವೇಷ ಕಟ್ಟಿ ತಮ್ಮ ತಂಡದ ಹುಲಿಗಳ ಕೈಲೇ ಗುದ್ದಿಸಿಕೊಳ್ಳುವ ಸೇವೆಯೂ ಬಹುಪಾಲು ಇವರ ಪಾಲಿಗೇ.

ನಮ್ಮ ಅಕ್ಕನ ಮಗ ಈ ಎರಡನೇ ಪಂಕ್ತಿ ಬೇಕು ಅಂದ. ಅದೂ ಮೊದಲನೇದರಲ್ಲಿ ಎಲೆ ಹಾಕಿ ಕಾಯುತ್ತಿದ್ದಾಗ.

ಅಕ್ಕ ಲಕ್ಷ್ಮೇಶ್ವರದವಳು, ಭಾವ ಬೆಟಗೇರಿಯವರು, ಹುಡುಗ ಡಲ್ಲಾಸಿನವನು. ಆರಡಿ ಎತ್ತರ, ಕೂತರೆ ಆರು ರೊಟ್ಟಿ. ಮೈದಾನದಲ್ಲಿ ಅವನದು ಲಾಂಗ್ ಸ್ನ್ಯಾಪರ್ ಎಂಬ ಹುದ್ದೆ. ಬೆನ್ನು ಬಗ್ಗಿಸಿ, ತಲೆ ಕೆಳಗೆ ಮಾಡಿ, ಎರಡು ಕಾಲಿನ ಸಂದಿಯಿಂದ ಚೆಂಡನ್ನು ಹಿಂದಕ್ಕೆ ಹದಿನೈದು ಗಜ ಎಸೆಯಬೇಕು. ಮುಕ್ಕಾಲು ಸೆಕೆಂಡಿನಲ್ಲಿ ಅದು ಒದೆಯುವವನ ಕೈ ಸೇರಬೇಕು. ಸರಿಯಾಗಿ ಸೇರಿದರೆ ಯಾರೂ ಅವನ ಹೆಸರು ಕೇಳುವುದಿಲ್ಲ, ತಪ್ಪಿದರೆ ಇಡೀ ಟೆಕ್ಸಾಸ್ ಕೇಳುತ್ತದೆ. ಮೊದಲ ಸಲ ವಿಡಿಯೊ ನೋಡಿದ ಬೆಟಗೇರಿ ಅಜ್ಜ ಫೋನನ್ನು ತಿರುಗಾಮುರುಗಾ ಹಿಡಿದು ಕೇಳಿದರಂತೆ: “ಇವ ಆಟ ಆಡಾಕತ್ತಾನೋ, ಏನರ ಕಳಕೊಂಡು ಹುಡಕಾಕತ್ತಾನೋ?”

ಈ ಕೆಲಸಕ್ಕೆ ಸ್ಕಾಲರ್‌ಶಿಪ್ ಸಿಗುವುದೇ ಅಪರೂಪ. ಆದರೂ ಕನ್ಸಾಸ್‌ನ ಒಂದು ಸಣ್ಣ ಕಾಲೇಜು ಪೂರ್ತಿ ಕೊಡುತ್ತೇವೆ ಅಂತ ಪತ್ರ ಬರೆಯಿತು. ಭಾವ ಆ ಪತ್ರವನ್ನು ದೇವರ ಮುಂದಿಟ್ಟು ಊದಿನಕಡ್ಡಿ ಹಚ್ಚಿದರು. ಕಡ್ಡಿ ಆರುವ ಮೊದಲೇ ಮಗ ಬಂದು, ನಾನು ಟೆಕ್ಸಾಸ್ ಎ ಆ್ಯಂಡ್ ಎಂಗೆ ವಾಕ್-ಆನ್ ಹೋಗ್ತೀನಿ ಅಂದ.

ಭಾವ ಎಕ್ಸೆಲ್ ಹಾಳೆ ತೆರೆದರು. ನಮ್ಮ ಹೊರನಾಡ ಮನೆಗಳಲ್ಲಿ ಭಾವನೆಗಳೆಲ್ಲ ಮೊದಲು ಎಕ್ಸೆಲ್‌ಗೇ ಹೋಗುವುದು. ಮೊದಲೆಲ್ಲ ದೊಡ್ಡ ತಂಡಕ್ಕೆ 85 ಸ್ಕಾಲರ್‌ಶಿಪ್, ಮಿಕ್ಕಂತೆ ವಾಕ್-ಆನ್ ಎಷ್ಟು ಜನರಾದರೂ ಇರಬಹುದಿತ್ತು. 2025ರ ಕೋರ್ಟು ಒಪ್ಪಂದದ ಮೇಲೆ ಅದಕ್ಕೆ ಸೇರಿದ ಕಾಲೇಜುಗಳಲ್ಲಿ ಇಡೀ ತಂಡಕ್ಕೇ 105ರ ಮಿತಿ. ಅಂದರೆ ದುಡ್ಡು ಕೊಟ್ಟು ಗುದ್ದಿಸಿಕೊಳ್ಳಲಿಕ್ಕೂ ಈಗ ಪಾಳಿ ಹಚ್ಚಬೇಕು. ಭಾವ ಈ ಸಾಲಿಗೆ ಕೆಂಪು ಬಣ್ಣ ತುಂಬಿದರು.

ಮಗನ ಬಳಿಯೂ ಪುರಾವೆಗಳಿದ್ದವು. ಜೆ.ಜೆ. ವ್ಯಾಟ್ ಸೆಂಟ್ರಲ್ ಮಿಷಿಗನ್‌ನ ಸ್ಕಾಲರ್‌ಶಿಪ್ ಬಿಟ್ಟು ವಿಸ್ಕಾನ್ಸಿನ್‌ಗೆ ವಾಕ್-ಆನ್ ಹೋದ; ನಡುವೆ ಮನೆಮನೆಗೆ ಪಿಜ್ಜಾ ಹಂಚಿದ; 2011ರಲ್ಲಿ ವೃತ್ತಿಪರರ ಲೀಗ್ ಎನ್‌ಎಫ್‌ಎಲ್ ಹೊಸಬರನ್ನು ಆರಿಸುವಾಗ ಹನ್ನೊಂದನೆಯವನಾಗಿ ಆಯ್ಕೆಯಾದ. ಹಂಟರ್ ರೆನ್‌ಫ್ರೋ ಅಪಲಾಚಿಯನ್ ಸ್ಟೇಟ್ ಕೊಡುತ್ತೇನೆಂದ ಸ್ಕಾಲರ್‌ಶಿಪ್ ಬಿಟ್ಟು ಕ್ಲೆಮ್ಸನ್‌ಗೆ ಹೋದ. 2017ರ ಜನವರಿಯ ಫೈನಲ್‌ನಲ್ಲಿ ಒಂದೇ ಸೆಕೆಂಡ್ ಉಳಿದಾಗ ಗೆಲುವಿನ ಚೆಂಡು ಹಿಡಿದ. ಅಕ್ಕನಿಗೆ ಇದರಲ್ಲಿ ಕೇಳಿಸಿದ್ದು ಒಂದೇ: ಪಿಜ್ಜಾ.

ತೀರ್ಪು ಅಜ್ಜನದು ಅಂತಾಯಿತು. ಸಂಕ್ರಾಂತಿಯ ರಾತ್ರಿ ಊಟ. ಬೆಟಗೇರಿಯಲ್ಲಿ ಮಾರನೇ ದಿನ ಮುಂಜಾನೆ. ಸಜ್ಜಿ ರೊಟ್ಟಿಯ ತಾಟಿನ ಪಕ್ಕ, ಶೇಂಗಾ ಹಿಂಡಿಯ ಡಬ್ಬಿಗೆ ಫೋನ್ ಆನಿಸಿಟ್ಟಿದ್ದೆವು. ಪರದೆಯಲ್ಲಿ ಅಜ್ಜನ ಅರ್ಧ ಹಣೆ, ಪೂರ್ತಿ ಫ್ಯಾನು.

“ಅಂಥಾದ್ದೇನೈತೋ ಆ ಸಾಲ್ಯಾಗ?”

ಹುಡುಗ ಶುರು ಮಾಡಿದ. ಆ ಕಾಲೇಜಿನ ಕೈಲ್ ಫೀಲ್ಡಿನಲ್ಲಿ ಲಕ್ಷದ ಮೇಲೆ ಜನ ಕೂರುತ್ತಾರೆ. ಗದಗ-ಬೆಟಗೇರಿಯ ಅರ್ಧಕ್ಕಿಂತ ಹೆಚ್ಚು ಮಂದಿ, ಅಂತ ನಾನು ಸೇರಿಸಿದೆ. ಅಲ್ಲಿನ ವಿದ್ಯಾರ್ಥಿಗಳು ಕೂರುವುದಿಲ್ಲ, ಆಟ ಮುಗಿಯುವತನಕ ನಿಂತೇ ಇರುತ್ತಾರೆ. ಕಾರಣ 1922ರ ಜನವರಿ 2. ಡಲ್ಲಾಸಿನಲ್ಲಿ ಸೆಂಟರ್ ಕಾಲೇಜಿನ ಮೇಲೆ ಮ್ಯಾಚು. ಆಟಗಾರರು ಒಬ್ಬೊಬ್ಬರಾಗಿ ಗಾಯಗೊಂಡು ಆಚೆ ಬಿದ್ದರು. ಕೋಚ್, ಮೇಲೆ ಗ್ಯಾಲರಿಯಲ್ಲಿದ್ದ ಇ. ಕಿಂಗ್ ಗಿಲ್ ಎಂಬ ವಿದ್ಯಾರ್ಥಿಯನ್ನು ಕೆಳಗೆ ಕರೆಸಿದ. ಅವನು ಪೆಟ್ಟು ತಿಂದವನೊಬ್ಬನ ಅಂಗಿ ತೊಟ್ಟು ಗೆರೆಯ ಪಕ್ಕ ನಿಂತ. ತಂಡ 22-14ರಿಂದ ಗೆದ್ದಿತು. ಕ್ಯಾಂಪಸ್ಸಿನಲ್ಲಿ ಈಗ ಗಿಲ್‌ನ ಪುತ್ಥಳಿ ಇದೆ.

“ಎಷ್ಟ್ ಗೋಲ್ ಹೊಡದಾ?”

“ಆಡ್ಲೇ ಇಲ್ಲ ಅಜ್ಜಾ. ರೆಡಿ ನಿಂತಿದ್ದ.”

ಅಜ್ಜ ಬಹಳ ಹೊತ್ತು ಸುಮ್ಮನಿದ್ದರು. ನೆಟ್‌ವರ್ಕ್ ಹೋಯಿತೇನೋ ಅಂದುಕೊಂಡೆವು.

“ರೆಡಿ ನಿಂತವ್ರಿಗೆಲ್ಲಾ ಪುತ್ಥಳಿ ಮಾಡಾಕ ಹತ್ತಿದ್ರ ನಮ್ಮ ಓಣ್ಯಾಗ ಎತ್ತಿನ ಬಂಡಿ ಹೋಗಾಕ ಜಾಗಾ ಉಳ್ಯಾಂಗಿಲ್ಲ ಬಿಡೋ.”

ಭಾವ ಗೆದ್ದೆ ಅಂದುಕೊಂಡರು. “ಅಪ್ಪಾ, ನೀವರ ಹೇಳ್ರಿ ಅವಂಗ. ಕೈಯಾಗ ಬಂದ ಪುಕ್ಕಟ ಸೀಟು ಯಾರರ ಬಿಡ್ತಾರೇನ್ರಿ?”

ಅದನ್ನು ಕೇಳಬಾರದಿತ್ತು. ಸಿಇಟಿ ಶುರುವಾದದ್ದು 1994ರಲ್ಲಿ. ಮರುವರ್ಷ ಭಾವನಿಗೆ ಊರ ಹತ್ತಿರದ್ದೇ ಕಾಲೇಜಿನಲ್ಲಿ ಸಿವಿಲ್ ಫ್ರೀ ಸೀಟು ಬಂದಿತ್ತು. ಭಾವನಿಗೆ ಬೇಕಾಗಿದ್ದು ಬೆಂಗಳೂರು, ಕಂಪ್ಯೂಟರು, ಪೇಮೆಂಟ್ ಸೀಟು. ಮೂರು ದಿನ ಉಂಡಿರಲಿಲ್ಲವಂತೆ. ಮೂರನೇ ದಿನ ಕದ್ದು ಗಿರ್ಮಿಟ್ ತಿಂದದ್ದು ಅಜ್ಜನಿಗೆ ಗೊತ್ತಿತ್ತಂತೆ.

“ಮುಂಡರಗಿ ರಸ್ತೇದಾಗಿನ ಎರಡೆಕರೆ ಎರಿ ಹೊಲ ಯಾಕ ಮಾರಿದ್ವಿ, ನೆನಪೈತೇನಪಾ?” ಅಂದರು ಅಜ್ಜ, ಬಹಳ ಮೆತ್ತಗೆ.

ಭಾವ ಎಕ್ಸೆಲ್ ಮುಚ್ಚಿದರು. ಅಕ್ಕ ಯಾರೂ ಕೇಳದೇ ಅವರ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

ಆಮೇಲೆ ಅಜ್ಜನನ್ನು ಹಿಡಿಯುವವರಿಲ್ಲ. ಗದಗದಿಂದ ಹುಬ್ಬಳ್ಳಿಗೆ ನಸುಕಿನಲ್ಲಿ ಹೋಗಿ, ಬೌಲಿಂಗ್ ಕಲಿತು, ಸಾಲಿ ಗಂಟೆ ಹೊಡೆಯುವುದರೊಳಗೆ ವಾಪಸ್ ಬರುತ್ತಿದ್ದ ಸುನೀಲ ಜೋಶಿ ಮಾತಿನೊಳಗೆ ಬಂದ. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ಮೇಲೆ ಹತ್ತು ಓವರಿಗೆ ಆರು ರನ್ನು, ಐದು ವಿಕೆಟ್ಟು; ಈ ಲೆಕ್ಕ ಅಜ್ಜ ಜಪದಂತೆ ಹೇಳುತ್ತಾರೆ. ಅವನ ಹಿಂದೆಯೇ ಭೀಮಸೇನ ಜೋಶಿ. ಹನ್ನೊಂದರ ವಯಸ್ಸಿಗೆ ಗದಗದ ಮನೆ ಬಿಟ್ಟು, ಗುರುವಿಗಾಗಿ ಗ್ವಾಲಿಯರ್, ಜಲಂಧರ ಅಲೆದು, ಕೊನೆಗೆ ಗುರು ಸಿಕ್ಕಿದ್ದು ನಮ್ಮ ಲಕ್ಷ್ಮೇಶ್ವರದಾಚೆಯ ಕುಂದಗೋಳದಲ್ಲಿ. ಸವಾಯಿ ಗಂಧರ್ವರ ಮನೆಗೆ ಕೊಡ ಹೊತ್ತು ನೀರು ತಂದರು.

“ಅವರಿಗೆ ಯಾರು ಕೊಟ್ಟಿದ್ರೋ ಸ್ಕಾಲರ್‌ಶಿಪ್ಪು? ಹೋಗ್ಲಿ ಬಿಡು ಹುಡುಗ. ದೊಡ್ಡ ಗರಡ್ಯಾಗ ಮಣ್ಣರ ಹದಾ ಮಾಡ್ಲಿ.”

ತೀರ್ಪಾಯಿತು. ಭಾವ ಒಂದೇ ಷರತ್ತು ಹಾಕಿದರು: ಬೇಸಿಗೆ ರಜೆಯಲ್ಲಿ ದುಡಿಯಬೇಕು, ಆ ವ್ಯಾಟ್ ಎಂಬವನ ಹಾಗೆ. ಅಕ್ಕ ಹೌಹಾರಿದಳು.

“ಪಿಜ್ಜಾ ಹಿಡಕೊಂಡು ಕನ್ನಡ ಕೂಟದ ಅಧ್ಯಕ್ಷರ ಮನಿ ಬಾಗಲಾ ಬಡದ್ರ ನನ್ನ ಮಾನ ಏನಾಗಬೇಕು?”

“ಹೆಲ್ಮೆಟ್ ಹಾಕ್ಕೊಂಡು ಹೋಗ್ತೀನಿ ಅಮ್ಮಾ. ಗೊತ್ತಾಗಲ್ಲ.”

ಪರದೆಯ ಫ್ಯಾನಿನ ಕೆಳಗಿಂದ ದನಿ ಬಂತು: “ಟಿಪ್ಸು ಮಾತ್ರ ಬಿಡಬ್ಯಾಡೋ.”